ಹೊಸ ನೀರಿನ ಮೇಲೆ ತಪ್ಪು ಹೊರಿಸುವ ಮುನ್ನ

ಉಪ್ಪುನೀರಿನ ಅಕ್ವೇರಿಯಂನಲ್ಲಿ ನೀರು ಬದಲಿಸಿದ ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲಕ್ಕೆ ಬಂದು ಏದುಸಿರು ಬಿಡತೊಡಗಿದರೆ, ಯಾರಿಗಾದರೂ ಮೊದಲು ತೋಚುವುದು ಇನ್ನಷ್ಟು ನೀರು ಬದಲಿಸುವುದು. ಆದರೆ ದೋಷ ಹೊಸ ನೀರಿನಲ್ಲೇ ಇದ್ದರೆ ಅದನ್ನೇ ಮತ್ತೆ ಸುರಿದಂತಾಗುತ್ತದೆ. ಮೊದಲು ಏರ್ ಪಂಪ್ ಹಾಕಿ, ಮೇಲ್ಮೈ ಚೆನ್ನಾಗಿ ಕಲಕುವಂತೆ ಪವರ್‌ಹೆಡ್ (ನೀರನ್ನು ಹರಿಸುವ ಪುಟ್ಟ ಪಂಪ್) ತಿರುಗಿಸಿ, ಆಮೇಲೆ ಪರೀಕ್ಷೆಗೆ ತೊಡಗುವುದೇ ಸರಿಯೆಂಬುದು ನನ್ನ ದೃಢ ಅಭಿಪ್ರಾಯ.

ನನ್ನ ಟ್ಯಾಂಕ್‌ನಲ್ಲಿ ಹೀಗಾದಾಗ ನೆರವಿಗೆ ಬಂದದ್ದು ಬಕೆಟ್‌ನ ತಳದಲ್ಲಿ ಉಳಿದಿದ್ದ ಹೊಸ ನೀರು. ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಪ್ರಮಾಣಿತ ದ್ರಾವಣದಿಂದ ಸರಿಹೊಂದಿಸಿ ನೋಡಿದರೆ ಅದರ ಲವಣಾಂಶ ಸಾವಿರಕ್ಕೆ 35 ಇತ್ತು. ಕ್ಲೋರಿನ್ ಇರಲಿಲ್ಲ, ಅಮೋನಿಯಾವೂ ಇರಲಿಲ್ಲ. ಟ್ಯಾಂಕ್‌ನ ನೀರಿನಲ್ಲಿ ಮಾತ್ರ ಅಮೋನಿಯಾ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ತೋರಿಸಿತು. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುವುದರಿಂದ, ತಟಸ್ಥ ನೀರಿಗಿಂತ ಇಲ್ಲಿ ಅಮೋನಿಯಾದ ಹೆಚ್ಚಿನ ಪಾಲು ವಿಷಕಾರಿ ರೂಪದಲ್ಲಿರುತ್ತದೆ. ಆದ್ದರಿಂದ ಈ ಅಂಕಿಯನ್ನು ಕಡೆಗಣಿಸುವಂತಿರಲಿಲ್ಲ.

ಇಂಥ ಹೊತ್ತಿನಲ್ಲಿ ಸರಳ ಲೆಕ್ಕವೊಂದು ಊಹೆಗಳಿಗಿಂತ ಹೆಚ್ಚು ಹೇಳುತ್ತದೆ. ಕಾಲು ಭಾಗ ನೀರು ಬದಲಿಸಿದಾಗ ಹೊಸ ನೀರಿನ ಲವಣಾಂಶ 27ಕ್ಕೆ ಕುಸಿದಿದ್ದರೂ ಟ್ಯಾಂಕ್‌ನದು 35ರಿಂದ 33ಕ್ಕೆ ಇಳಿಯುತ್ತದೆ ಅಷ್ಟೇ. ಸಿಗಡಿಗಳಿಗೆ ಅದು ಕಷ್ಟವಾಗಬಹುದು, ಆದರೆ ಮೀನುಗಳೆಲ್ಲ ಒಮ್ಮೆಗೇ ಉಸಿರಿಗಾಗಿ ಒದ್ದಾಡುವುದಕ್ಕೆ ಅದು ಸಾಲದು. ಹಾಗೆಯೇ, ಟ್ಯಾಂಕ್‌ನಲ್ಲಿ ಕಂಡ 1 ಪಿಪಿಎಂ ಅಮೋನಿಯಾ ಹೊಸ ನೀರಿನಿಂದಲೇ ಬಂದಿದ್ದರೆ ಬಕೆಟ್‌ನಲ್ಲಿ 4 ಪಿಪಿಎಂ ಕಾಣಬೇಕಿತ್ತು. ಕಾಣಲಿಲ್ಲವೆಂದರೆ ಮೂಲ ಒಳಗೇ ಇದೆ ಎಂದರ್ಥ.

ಹುಡುಕಿದಾಗ ಕಲ್ಲುಗಳ ಹಿಂದೆ ದೊಡ್ಡ ಟರ್ಬೊ ಬಸವನಹುಳುವೊಂದು ಅಂಗಾತ ಬಿದ್ದಿತ್ತು. ಎತ್ತಿ ಓರೆ ಮಾಡಿದೊಡನೆ ಚಿಪ್ಪಿನೊಳಗಿಂದ ಬೂದುಬಣ್ಣದ ಲೋಳೆ ಸುರಿದು, ಕೊಳೆತ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅದು ನೀರು ಬದಲಿಸುವ ಮುಂಚೆಯೇ ಸತ್ತಿದ್ದಿರಬೇಕು. ಕಲ್ಲುಗಳ ಸುತ್ತ ನೀರು ಕಲಕಿದಾಗ ಅಲ್ಲಿ ಮಡುಗಟ್ಟಿದ್ದ ವಿಷ ಟ್ಯಾಂಕ್‌ಗೆಲ್ಲ ಹರಡಿತೆಂದು ತೋರುತ್ತದೆ.

ಅದನ್ನು ತೆಗೆದು, ಅಮೋನಿಯಾವನ್ನು ನಿಷ್ಕ್ರಿಯಗೊಳಿಸುವ ದ್ರಾವಣ ಹಾಕಿ, ನೀರನ್ನು ಸೋಸುವ ಕಾರ್ಬನ್ ಹೊಸದಾಗಿ ಇಟ್ಟ ಮೇಲೆ, ಪರೀಕ್ಷಿಸಿದ ಅದೇ ಹೊಸ ನೀರಿನಿಂದ ಧೈರ್ಯವಾಗಿ ಇನ್ನೊಂದು ಭಾಗವನ್ನು ಬದಲಿಸಿದೆ. ಅಮೋನಿಯಾ ಸೊನ್ನೆಗೆ ಇಳಿಯುವವರೆಗೆ ಆಹಾರ ಹಾಕಲಿಲ್ಲ. ಆನಂತರ, ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮಾರ್ಪಡಿಸಿದಾಗ ಉಂಟಾಗುವ ನೈಟ್ರೈಟ್ ತುಸು ಏರಿತಾದರೂ, ಉಪ್ಪುನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್ ಅದು ಮೀನಿನ ಕಿವಿರುಗಳ ಮೂಲಕ ಒಳಸೇರುವುದನ್ನು ಬಹುಮಟ್ಟಿಗೆ ತಡೆಯುವುದರಿಂದ, ಅದಕ್ಕಾಗಿ ಮತ್ತೆ ನೀರು ಬದಲಿಸಲು ಹೋಗಲಿಲ್ಲ.