ನೂರಾ ಎರಡು ಮಾತ್ರೆ

ಈ ಸಲದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕಾಲೇಜಿನಿಂದ ಫೋನ್ ಬಂದಾಗ ಮೊದಲು ಕಣ್ಣ ಮುಂದೆ ಬಂದದ್ದು ಕಪ್ಪುಹಲಗೆ. ಅದರ ಮೇಲೆ ಒಂದು ಪದ್ಯ, ಪ್ರತಿ ಅಕ್ಷರದ ನೆತ್ತಿಯ ಮೇಲೂ ಒಂದು ಗುರುತು. ಪುಟ್ಟ ಬಟ್ಟಲಿನಂಥದ್ದು ಲಘು, 1 ಮಾತ್ರೆ, ಅಂದರೆ ಒಂದು ಗಿಡ್ಡ ಅಕ್ಷರ ಹೇಳುವಷ್ಟು ಹೊತ್ತು. ಅಡ್ಡಗೆರೆ ಗುರು, 2 ಮಾತ್ರೆ. 1996ರಲ್ಲಿ ಪ್ರಥಮ ಪಿಯುಸಿಯ ಕೊನೆಯ ಬೆಂಚಿನಲ್ಲಿ ಕೂತಿದ್ದ ನನಗೆ ಈ ಪ್ರಸ್ತಾರ ಹಾಕುವ ಕೆಲಸ ಕಂಡರೆ ಆಗುತ್ತಿರಲಿಲ್ಲ.

ಯಾಕೆಂದರೆ ನಾನು ಆಗಲೇ ಕವಿತೆ ಬರೆಯುತ್ತಿದ್ದೆ. ನೋಟ್‌ಬುಕ್ಕಿನ ತುಂಬ ಮೌನ, ಕಣ್ಣೀರು, ಎದೆಯ ಗಾಯ. ಅದರಲ್ಲೊಂದು ನಮ್ಮ ಹಸುವನ್ನು ಮಾರಿದ ದಿನದ ಮೇಲೆ. ನಾನು ಹಾಸ್ಟೆಲಿಗೆ ಹೊರಟಿದ್ದೆ, ಅಜ್ಜಿಗೆ ಕೈಲಾಗುತ್ತಿರಲಿಲ್ಲ, ಹಸುವನ್ನು ನೋಡಿಕೊಳ್ಳುವವರು ಇರಲಿಲ್ಲ. ಎರಡು ಪುಟದ ಆ ಕವಿತೆಯನ್ನು ಕನ್ನಡ ಮೇಷ್ಟ್ರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. "ಇದರಲ್ಲಿ ನಿಮ್ಮ ಮನೆ ಕಾಣ್ತಾ ಇಲ್ವಲ್ಲ" ಅಂದರು. ಆಮೇಲೆ, "ಇದನ್ನೇ ಭಾಮಿನಿಯಲ್ಲಿ ಬರಿ. ಒಂದೇ ಪದ್ಯ. ಸೋಮವಾರ ಕೊಡು."

ಭಾಮಿನಿ ಷಟ್ಪದಿಗೆ 6 ಸಾಲು. 1, 2, 4, 5ನೇ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲು ಉದ್ದ: ಮೂರು ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು, 23 ಮಾತ್ರೆ. ಎಲ್ಲ ಸೇರಿ 102. ಸಾಲದೆಂಬಂತೆ ಆದಿಪ್ರಾಸ: ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು.

ಇಷ್ಟು ಕಟ್ಟಿಹಾಕಿದರೆ ಮನಸ್ಸಿನಲ್ಲಿದ್ದದ್ದನ್ನು ಹೇಳುವುದು ಹೇಗೆ ಸಾರ್ ಎಂದು ಕೇಳಿದೆ. ಅವರು ವಾದಕ್ಕೆ ಬರಲಿಲ್ಲ. ಕುಮಾರವ್ಯಾಸನ ಎರಡು ಪದ್ಯ ಹಾಡಿದರು ಅಷ್ಟೇ. ಮೊದಲು ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಳ್ಳುವುದು. ಆಮೇಲೆ ಸಭೆಯಲ್ಲಿ ದ್ರೌಪದಿಯ ಮೊರೆ. ಮೊದಲನೆಯದಕ್ಕೆ ಕ್ಲಾಸು ನಕ್ಕಿತು, ಎರಡನೆಯದಕ್ಕೆ ಉಸಿರು ಬಿಗಿಹಿಡಿಯಿತು. ಎರಡೂ ಅದೇ 102 ಮಾತ್ರೆ. ಹತ್ತು ಪರ್ವಗಳನ್ನೂ ಆ ಮಹಾಕವಿ ಇದೊಂದೇ ಅಚ್ಚಿನಲ್ಲಿ ಹೇಳಿದ್ದಾನೆ. ಅಚ್ಚು ಒಂದೇ ಎಂಬುದು ಕೇಳುವಾಗ ಗೊತ್ತೇ ಆಗುವುದಿಲ್ಲ, ಅಲ್ವಾ?

ಆ ಶನಿವಾರ ಊರಿಗೆ ಹೋಗಲಿಲ್ಲ. "ಮನೆಯ ಮುಂದಿನ ಹಳೆಯ ಹಲಸಿನ" ಎಂಬ ಸಾಲು ಸುಲಭವಾಗಿ ಬಂತು. ಅಲ್ಲಿಗೆ ಪ್ರಾಸ 'ನ' ಎಂದು ತೀರ್ಮಾನವಾಯಿತು. ಆಮೇಲೆ ಶುರುವಾಯಿತು ಪರದಾಟ. ನನ್ನ ಮುದ್ದಿನ ಮಾತುಗಳು ಒಂದೊಂದಾಗಿ ಬಾಗಿಲಲ್ಲೇ ನಿಂತವು. ಕೊನೆಯ ಸಾಲನ್ನು 'ಕಣ್ಣೀರು' ಎಂದೇ ಶುರು ಮಾಡುವ ಆಸೆ. ಮೊದಲ ಗಣಕ್ಕೆ, ಅಂದರೆ ಸಾಲಿನ ಮೊದಲ ಗುಂಪಿಗೆ, ಇರುವುದೇ 3 ಮಾತ್ರೆ, 'ಕಣ್ಣೀ' ಎನ್ನುವಷ್ಟರಲ್ಲೇ 4 ಆಗಿಬಿಡುತ್ತಿತ್ತು. ಪ್ರಾಸವೂ ಕೂಡುತ್ತಿರಲಿಲ್ಲ. 'ಮೌನ' ಬಂದರೆ ಮೊದಲ ಅಕ್ಷರ ಗುರುವಾಗುತ್ತಿತ್ತು. ಮೊದಲ ಸಾಲು ಲಘುವಿನಿಂದ ಶುರುವಾಗಿತ್ತು, ಹಾಗಾಗಿ ಪ್ರಾಸಕ್ಕೆ ಅದೂ ಸಲ್ಲದು.

ಹಾಗಾಗಿ 'ನ' ಇರುವ ಮಾತುಗಳನ್ನು ಹುಡುಕುತ್ತಾ ಕೂತೆ. ಹನಿ, ದನಿ, ಕೊನೆ, ನೆನೆ, ದನ. ದನ ಎಂದು ಬರೆದ ಕೂಡಲೇ ಗೂಟ ಕಂಡಿತು. ಅದರ ಮುಂದೆ ನಿಂತ ಅಪ್ಪ ಕಂಡರು. ಅವರ ಕೈಯಲ್ಲಿ ಹುಲ್ಲಿತ್ತು. ಎರಡು ಪುಟದ ಕವಿತೆಯಲ್ಲಿ ಇದ್ಯಾವುದೂ ಇರಲಿಲ್ಲ. ನಾನು ಕಣ್ಣಾರೆ ನೋಡಿದ್ದೆ, ಆದರೂ ಬರೆದಿರಲಿಲ್ಲ. ಕಣ್ಣೀರು ಅಂತ ಸುಮ್ನೆ ಬರೆದುಬಿಟ್ಟರೆ ನೋಡಿದ್ದನ್ನು ನೆನಪಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಆ ಅಗತ್ಯವನ್ನು ನನಗೆ ತಂದಿಟ್ಟದ್ದು ಛಂದಸ್ಸು.

ಸೋಮವಾರ ಕೊಟ್ಟದ್ದು ಇದು:

ಮನೆಯ ಮುಂದಿನ ಹಳೆಯ ಹಲಸಿನ
ನೆನೆದ ಕೊಂಬೆಯು ಹನಿಯ ಸುರಿಸಿತು
ದನವ ಮಾರಿದ ದಿನದಲಪ್ಪನು ಮಾತನಾಡದೆಯೇ
ಕೊನೆಯ ಹುಲ್ಲಿನ ಸಿವುಡು ಹಿಡಿದನು
ದನದ ಗೂಟವ ನೋಡಿ ನಿಂತನು
ನೆನೆದು ಹೋಯಿತು ಹೆಗಲ ವಸ್ತ್ರವು ಮಳೆಯ ನೆಪದೊಳಗೇ

"ದಿನದಲಿ ಅಪ್ಪನು" ಎಂದು ಮೊದಲು ಬರೆದು, ಒಂದು ಮಾತ್ರೆ ಜಾಸ್ತಿಯಾಗಿ, ಎರಡನ್ನೂ ಬೆಸೆದಿದ್ದೆ. ಮೇಷ್ಟ್ರು ಅದರ ಕೆಳಗೆ ಗೆರೆ ಎಳೆದು 'ಭೇಷ್' ಎಂದು ಬರೆದರು. ಪದ್ಯವನ್ನು ಕ್ಲಾಸಿನಲ್ಲಿ ಅವರೇ ಹಾಡಿದರು. ನನ್ನ ಸಾಲು ಇನ್ನೊಬ್ಬರ ಕೊರಳಲ್ಲಿ ಎಲ್ಲೂ ಎಡವದೆ ಸಾಗಿದ್ದನ್ನು ಅವತ್ತು ಮೊದಲ ಸಲ ಕೇಳಿದೆ. ಆ ಸಂತೋಷ ಇವತ್ತಿಗೂ ಹಾಗೇ ಇದೆ.

ಈಗ ನಾನು ಪತ್ರಿಕೆಯೊಂದರ ಡೆಸ್ಕ್‌ನಲ್ಲಿದ್ದೇನೆ. ಎರಡು ಕಾಲಂ ಅಗಲದಲ್ಲಿ ತಲೆಬರಹ ಕೂರಬೇಕು, ಒಂದಕ್ಷರವೂ ಆಚೆ ಹೋಗುವಂತಿಲ್ಲ. ಹೊಸದಾಗಿ ಬಂದ ಹುಡುಗರು ಜಾಗ ಸಾಲದು ಎಂದಾಗ, ಬರೆದದ್ದರಲ್ಲಿ ಯಾವ ಮಾತು ನೀನು ನೋಡದೆ ಬರೆದದ್ದು ಎಂದು ಕೇಳುತ್ತೇನೆ. ಸಾಮಾನ್ಯವಾಗಿ ಅದೇ ಮಾತು ಜಾಗ ತಿಂದಿರುತ್ತದೆ.

ಪದ್ಯ ಬರೆದ ವರ್ಷದ ದಸರಾ ರಜೆಯಲ್ಲಿ ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ವಸ್ತ್ರ ಅಲ್ಲ ಮಗಾ. ಅವತ್ತು ಕಂಬಳಿ ಹೊದ್ದಿದ್ದೆ" ಅಂದರು.

ಬೆರಳು ಮಡಚಿ ಎಣಿಸಿದೆ. ಕಂ, ಬ, ಳಿ. ಸರಿಯಾಗಿ ನಾಲ್ಕು. ಒಳಗೆ ಹೋಗಿ ಪೆನ್ನು ತಂದೆ.