ಅಷ್ಟೂರಿನ ಕನ್ನಡಿ, ಬೀದರಿನ ಹಾಳೆ

ಬೀದರ್ ಕೋಟೆಯನ್ನು ಅರ್ಧ ದಿನದಲ್ಲಿ ಸುತ್ತಿ ಮುಗಿಸಿದೆ. ಅದರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಹೇಳಬೇಕಾಗಿರುವುದು ಗೆಳತಿಯ ಮನೆಯಲ್ಲಿ ಕಂಡ ಕಾಗದದ ಬಗ್ಗೆ.

ಅವಳು ಕಾಗದ ಕೊರೆದು ಶಿಲ್ಪ ಮಾಡುವವಳು. "ಮೊದಲು ಅಷ್ಟೂರು ನೋಡು, ಆಮೇಲೆ ನನ್ನ ಕೆಲಸ" ಎಂದು ಹಟ ಹಿಡಿದಿದ್ದಳು. ಬೀದರಿನ ಹೊರಗಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಸಂಜೆ ಐದೂವರೆಗೆ ಒಬ್ಬಳೇ ಹೋಗಿ ಗೋರಿಯೊಳಗೆ ಬರೀ ಕತ್ತಲೆ ನೋಡಿದೆ. ಕಾಯುತ್ತೇನೆಂದಿದ್ದ ಆಟೊದವನು ದುಡ್ಡು ತೆಗೆದುಕೊಂಡು ಹೊರಟೇಹೋಗಿದ್ದ, ಊರಿನವರೆಗೂ ನಡೆದೆ. ಹೋಗುವವರು ಬಿಸಿಲಿರುವಾಗ ಹೋಗಿ, ಬಾಡಿಗೆಯನ್ನು ಮರಳಿ ಬಂದ ಮೇಲೆಯೇ ಕೊಡಿ.

ಮರುದಿನ ಬೆಳಿಗ್ಗೆ ಅವಳೇ ಕರೆದೊಯ್ದಳು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ. "ಚಾಚಾ, ಸ್ವಲ್ಪ ತೋರಿಸಿ" ಎಂದಾಗ ಅಲ್ಲಿದ್ದ ಹಿರಿಯರು ಬಾಗಿಲಾಚೆ ಬಿಸಿಲಿಗೆ ಕನ್ನಡಿ ಹಿಡಿದರು. ಬೆಳಕಿನ ತುಂಡೊಂದು ಒಳಗೆ ಬಂದು ಗೋಡೆ ಹತ್ತಿತು. ಅದು ಹೋದಲ್ಲೆಲ್ಲ ಕೆಂಪು, ನೀಲಿ, ಬಂಗಾರದ ಬಳ್ಳಿಗಳು ಮತ್ತು ಅಕ್ಷರಗಳು ಎದ್ದು ಬಂದವು. ಅವರ ಕೈ ನಡುಗಿದರೆ ಬಳ್ಳಿಯೂ ನಡುಗುತ್ತಿತ್ತು.

ಅದೇ ಬಳ್ಳಿ ಗೆಳತಿಯ ಕೋಣೆಯಲ್ಲಿತ್ತು. ದಪ್ಪ ಬಿಳಿ ಹಾಳೆಯ ಪೆಟ್ಟಿಗೆ ಸೂರಿನಿಂದ ಇಳಿಬಿದ್ದಿತ್ತು. ಒಳಗೆ ಕಡಲೆಕಾಳಿನಷ್ಟು ದೀಪ. ನಾಲ್ಕೂ ಗೋಡೆ, ಸೂರು, ನೆಲ ಎಲ್ಲ ಎಲೆ, ಹೂವು. ಬಣ್ಣ ಬದಲಿಸುವ ದೀಪಗಳ ಪ್ರದರ್ಶನ ನನಗೆ ಒಗ್ಗುವುದಿಲ್ಲ. ಇಲ್ಲಿ ಇದ್ದದ್ದು ಬೆಳಕು, ನೆರಳು ಎರಡೇ.

"ಎಷ್ಟು ಕೊರೆದು ತೆಗೆದೆ?" ಎಂದೆ.

"ಉಳಿಸಿದ್ದನ್ನು ಕೇಳು. ಪ್ರತಿ ಎಲೆಯೂ ಎಲ್ಲಾದರೂ ಒಂದು ಕಡೆ ಬಳ್ಳಿಯನ್ನು ಮುಟ್ಟಿರಬೇಕು. ಇಲ್ಲದಿದ್ದರೆ ಉದುರಿ ಬೀಳುತ್ತದೆ." ಅವಳು ಬೆರಳಿಟ್ಟು ತೋರಿಸಿದ ತೊಟ್ಟು ಬೆಂಕಿಕಡ್ಡಿಗಿಂತ ತೆಳುವಾಗಿತ್ತು. ಬ್ಲೇಡ್ ಮೊಂಡಾದರೆ ಕಾಗದ ಕೊರೆಯುವ ಬದಲು ಹರಿಯುತ್ತದೆ, ಅದಕ್ಕೇ ಮತ್ತೆ ಮತ್ತೆ ಬದಲಿಸುತ್ತಾಳಂತೆ.

"ದೀಪ ಚಿಕ್ಕದಾದಷ್ಟೂ ನೆರಳಿನ ಅಂಚು ಹರಿತ. ಹಾಲುಗಾಜಿನ ಬಲ್ಬು ಹಾಕಿ ನೋಡಿದೆ, ಎಲ್ಲ ಕಲಸಿಹೋಯಿತು" ಎನ್ನುತ್ತಾ ದೀಪವನ್ನು ಹಾಳೆಯ ಹತ್ತಿರಕ್ಕೆ ತಂದಳು. ಅಂಗೈಯಷ್ಟಿದ್ದ ಎಲೆ ಗೋಡೆಯ ಮೇಲೆ ಮೊರದಗಲವಾಯಿತು.

ಲಾಹೋರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾವಿದೆ ಅನೀಲಾ ಖಯ್ಯೂಮ್ ಆಘಾ ಅವರ ಮಾತು ಬಂತು. ಸ್ಪೇನಿನ ಅಲ್‌ಹಂಬ್ರಾ ಅರಮನೆಯ ವಿನ್ಯಾಸದಿಂದ ಪ್ರೇರಣೆ ಪಡೆದು ಅವರು ಮರದ ಘನಾಕಾರದ ಪೆಟ್ಟಿಗೆಯೊಂದನ್ನು ಲೇಸರಿನಿಂದ ಕೊರೆಸಿ, ಒಳಗೆ ಒಂದೇ ದೀಪವಿಟ್ಟರು. 2014ರಲ್ಲಿ ಅದಕ್ಕೆ ಅಮೆರಿಕದ ಆರ್ಟ್‌ಪ್ರೈಜ್ ಸ್ಪರ್ಧೆಯಲ್ಲಿ ಜನರ ಮತದ ದೊಡ್ಡ ಬಹುಮಾನ ಬಂತು. ಹುಡುಗಿಯಾಗಿದ್ದಾಗ ಮಸೀದಿಯಿಂದ ಹೊರಗುಳಿದ ನೆನಪೂ ಆ ಕೃತಿಯ ಹಿಂದಿದೆ. "ಅಲ್ಲಿ ಯಾರೂ ಹೊರಗಿಲ್ಲ ನೋಡು, ಬಂದವರೆಲ್ಲರ ಮೈಮೇಲೂ ನೆರಳು ಬೀಳುತ್ತದೆ" ಎಂದಳು.

ಆಗ ಅವಳ ತಾಯಿ ಚಹಾ ತಂದರು. ಬಿಳಿ ಸೀರೆಯ ತುಂಬ ಬಳ್ಳಿ ಹರಿಯಿತು. ತಟ್ಟೆ ಕೆಳಗಿಟ್ಟು, ಸೆರಗನ್ನು ಎರಡೂ ಕೈಯಲ್ಲಿ ಹರಡಿ ನಿಂತರು.

"ದೀಪ ಇನ್ನಷ್ಟು ಈಚೆಗೆ ಸರಿಸು ಮಗಳೇ, ಅಂಚಿನವರೆಗೂ ಬರಲಿ."