ಬಸ್‌ಸ್ಟ್ಯಾಂಡಿನಲ್ಲೊಂದು ಚಪ್ಪಾಳೆ

ಇವತ್ತು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಮುಂಡಗೋಡ ಬಸ್ಸಿಗೆ ಕಾಯುತ್ತ ನಿಂತ ಇಬ್ಬರು ಟಿಬೆಟನ್ ಸನ್ಯಾಸಿನಿಯರು. ಮಾತಿನ ಮಧ್ಯೆ ಒಬ್ಬರು ಎಡ ಅಂಗೈ ಮೇಲೆ ಬಲಗೈ ಪಟ್ಟನೆ ಬಡಿದರು. ಪಕ್ಕದವರು ಜಗಳ ಅಂದುಕೊಂಡರು.

ಜಗಳ ಅಲ್ಲ ಮಾರಾಯ್ರೇ, ತರ್ಕ. ಟಿಬೆಟನ್ ಬೌದ್ಧ ಮಠಗಳಲ್ಲಿ ವಾದ ಮಾಡಿ ಕಲಿಯುವ ರೀತಿ.

ಉತ್ತರ ಕೊಡುವವಳು ಕೂತಿರಬೇಕು, ಪ್ರಶ್ನೆ ಹಾಕುವವಳು ನಿಂತಿರಬೇಕು. ಪ್ರಶ್ನೆ ಮುಗಿಯುವಾಗ ಎಡಗಾಲು ನೆಲಕ್ಕೆ, ಬಲಗೈ ಎಡಗೈಗೆ. ಕೂತವಳಿಗೆ ಭಾಷಣ ಬಿಗಿಯಲು ಅವಕಾಶವಿಲ್ಲ: ಒಪ್ಪಿದೆ, ಯಾಕೆ, ಹೇತು (ಕೊಟ್ಟ ಕಾರಣ) ಸಿದ್ಧವಾಗಿಲ್ಲ, ವ್ಯಾಪ್ತಿ ಇಲ್ಲ (ಆ ಕಾರಣದಿಂದ ಈ ತೀರ್ಮಾನ ಬರುವುದಿಲ್ಲ). ಹೆಚ್ಚುಕಡಿಮೆ ಇಷ್ಟೇ. ಮೊದಲು ಒಪ್ಪಿದ್ದಕ್ಕೆ ಆಮೇಲೆ ತಾನೇ ವಿರುದ್ಧ ಹೇಳಿದಳೋ, ಎದುರಿನವಳು ‘ತ್ಸಾ!’ ಅಂತ ಕೂಗುತ್ತಾಳೆ. ಅವಸರದಲ್ಲಿ ಬಾಯಿಂದ ಜಾರಿದ ಒಂದು ‘ಒಪ್ಪಿದೆ’ ಸಾಕು, ಸಿಕ್ಕಿಬಿದ್ದ ಹಾಗೆ.

ಈ ಮಠದ ಓದಿಗೆ ಸಿಗುವ ದೊಡ್ಡ ಪದವಿ ‘ಗೆಶೆ’ ಟಿಬೆಟ್‌ನಲ್ಲಿ ಗಂಡಸರ ಸೊತ್ತಾಗಿತ್ತು. ಹೆಂಗಸರಿಗೆ ‘ಗೆಶೆಮಾ’ ದಕ್ಕಿದ್ದು ದೇಶ ಬಿಟ್ಟು ಬಂದ ಮೇಲೆ. ಕನಿಷ್ಠ 17 ವರ್ಷದ ಓದು, ಆಮೇಲೆ 4 ವರ್ಷ ಹಂತಹಂತವಾಗಿ ಪರೀಕ್ಷೆ, ಬರವಣಿಗೆಯೂ ಉಂಟು, ವಾದವೂ ಉಂಟು. ಮೊದಲ ತಂಡದ 20 ಜನ ಪದವಿ ಪಡೆದದ್ದು 2016ರ ಡಿಸೆಂಬರಿನಲ್ಲಿ, ನಮ್ಮ ಮುಂಡಗೋಡದ ಡ್ರೆಪುಂಗ್ ಮಠದಲ್ಲೇ.

1933ರಲ್ಲಿ ಜರ್ಮನಿ ಬಿಟ್ಟ ಯಹೂದಿ ರಾಜಕೀಯ ಚಿಂತಕಿ ಹನ್ನಾ ಅರೆಂಟ್‌ಗೆ ಅಮೆರಿಕದ ಪೌರತ್ವ ಸಿಕ್ಕಿದ್ದು 1951ರಲ್ಲಿ. ದೇಶ ಹೋದರೆ ನಮ್ಮ ಮಾತಿಗೆ ತೂಕ ಕೊಡುವ ಜಾಗವೇ ಹೋಗುತ್ತದೆ ಅನ್ನುವುದು ಅವರ ವಾದ. ಇಲ್ಲಿ ನೋಡಿದರೆ, ದೇಶ ಹೋದ ಮೇಲೆ ಹೆಂಗಸರ ಮಾತಿಗೆ ಅಂಗಳ ಸಿಕ್ಕಿದೆ.

ಹಾಗಂತ ದೇಶ ಕಳೆದುಕೊಂಡದ್ದು ಒಳ್ಳೇದಾಯ್ತು ಅನ್ನೋಕಾಗುತ್ತಾ? ಹೇತು ಸಿದ್ಧವಾಗಿಲ್ಲ. ಆ ಪದವಿಯನ್ನು ಲ್ಹಾಸಾದಲ್ಲೇ ಕೊಡಬಹುದಿತ್ತು. ಪೂರ್ಣ ಭಿಕ್ಷುಣಿ ದೀಕ್ಷೆಯ (ಸನ್ಯಾಸಿನಿಯರಿಗೆ ಸಿಗುವ ಪೂರ್ಣ ಪ್ರಮಾಣದ ದೀಕ್ಷೆಯ) ವಿಷಯವಂತೂ ಇವರ ಗೆಲುಗ್ ಪರಂಪರೆಯಲ್ಲಿ, ಅಂದರೆ ಟಿಬೆಟನ್ ಬೌದ್ಧರ ಈ ಪಂಥದಲ್ಲಿ, ಇನ್ನೂ ಇತ್ಯರ್ಥವಾಗಿಲ್ಲ.